ಖರ್ಚಾಗದ ಬೇರು

ಕಾಡಿನವರಿಗೆಲ್ಲ ಹಾವಿನ ವಿಷ ಇಳಿಸುವ ಬೇರು ಕೊಳ್ಳಲು ಧಾನ್ಯ ಕೊಡಬೇಕಾದದ್ದು ರಾಜನ ಉಗ್ರಾಣದ ಹೆಗ್ಗಣ. ಮದ್ದಿನ ಪೊಟರೆ ಕಾಯುವ ಅಳಿಲು ಈ ವರ್ಷದ ಬೇರಿಗೆ ಧಾನ್ಯ ಕೇಳಿದಾಗ, ಹೆಗ್ಗಣ ಪೊಟರೆಯ ಬಾಯಲ್ಲೇ ಕೂತು ಮೀಸೆ ತಿರುವಿತು.

“ಹೋದ ವರ್ಷ ಖರ್ಚಾದದ್ದು ಒಂದು ಹಿಡಿ. ಈ ವರ್ಷವೂ ಒಂದು ಹಿಡಿ ಸಾಕು.”

“ಇದ್ದದ್ದೇ ಒಂದು ಹಿಡಿ, ಸ್ವಾಮಿ. ಆಮೇಲೆ ಬಂದವರೆಲ್ಲ ಬರಿಗೈಲಿ ಹೋದರು. ಈಗಲೂ ಪೊಟರೆ ಖಾಲಿ.”

“ಬರಿಗೈಲಿ ಹೋದವರು ಲೆಕ್ಕಕ್ಕೆ ಬರುವುದಿಲ್ಲ ಕಣಮ್ಮ.”

ಅಷ್ಟರಲ್ಲಿ ಹಾವು ಕಚ್ಚಿದ ಮರಿಯನ್ನೆತ್ತಿಕೊಂಡು ಮೊಲ ಓಡಿಬಂತು. ಅಳಿಲು ಪೊಟರೆಯ ಮೂಲೆಮೂಲೆ ಕೆದಕಿತು. ಬೇರಿನ ಒಂದು ನಾರೂ ಸಿಗಲಿಲ್ಲ. ಮೊಲ ಮರಿಯನ್ನು ಹೊತ್ತು ಹಿಂದಿರುಗಿತು.

“ನೋಡಿದೆಯಾ, ಇವತ್ತೂ ಏನೂ ಖರ್ಚಾಗಲಿಲ್ಲ,” ಎಂದಿತು ಹೆಗ್ಗಣ.

ಅಳಿಲು ಓಡಿ ಮೊಲಕ್ಕೆ ಅಡ್ಡ ನಿಂತಿತು. ತಣ್ಣಗಾಗುತ್ತಿದ್ದ ಮರಿಯನ್ನು ತಂದು ಹೆಗ್ಗಣದ ಮಡಿಲಲ್ಲಿ ಮಲಗಿಸಿತು.

“ಖರ್ಚಾದದ್ದು ಇಲ್ಲಿದೆ, ಸ್ವಾಮಿ. ಎಣಿಸಿಕೊಳ್ಳಿ.”