ಗಂಜಿಯವರ ದಿಬ್ಬ

ನಮ್ಮ ಊರು ಹುಲಿಗುಂಡಿನಿಂದ ದಂಡಿಗೆ ಹೋಗುವ ಹಳೆಯ ರಸ್ತೆಯಲ್ಲಿ ರೈಲ್ವೆ ಗೇಟು ದಾಟಿ ಅರ್ಧ ಮೈಲಿ ನಡೆದರೆ ಬಲಗಡೆಗೆ ಅಲ್ಲಲ್ಲಿ ಜಾಲಿ ಬೆಳೆದ ಒಂದು ಕಲ್ಲುದಿಬ್ಬ ಕಾಣುತ್ತದೆ. ಬ್ರಿಟಿಷರ ಸೈನ್ಯ ಬೀಡುಬಿಟ್ಟಿದ್ದ ಜಾಗಕ್ಕೆ ನಮ್ಮ ಊರವರು ಇಂದಿಗೂ ದಂಡು ಎನ್ನುತ್ತಾರೆ. ದಿಬ್ಬದ ಬುಡದಲ್ಲಿ ಪಂಚಾಯಿತಿಯವರು ಹಳದಿ ಬಣ್ಣದ ಫಲಕ ನೆಟ್ಟಿದ್ದಾರೆ: 'ಗಂಜಿದಿಬ್ಬ. ಧಾತು-ಈಶ್ವರ ಬರಗಾಲದಲ್ಲಿ ಇಲ್ಲಿ ಗಂಜಿಕೇಂದ್ರ ನಡೆಯುತ್ತಿತ್ತು.' ಫಲಕ ಹೇಳುವುದು ಸುಳ್ಳು. ಗಂಜಿ ಕಾಸಿದ್ದು ಇಲ್ಲಿಂದ ಒಂದು ಮೈಲಿ ದೂರದ ಕೆರೆ ಏರಿಯ ಮೇಲೆ. ಈ ದಿಬ್ಬದಲ್ಲಿ ಯಾರೂ ಯಾವತ್ತೂ ಒಲೆ ಹೂಡಿದ್ದಿಲ್ಲ. ಊರಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಫಲಕವನ್ನು ಹಾಗೇ ಬಿಟ್ಟಿದ್ದಾರೆ, ಯಾಕೆಂದರೆ ನಿಜ ಬರೆದರೆ ಅದು ಹತ್ತಾರು ಮನೆಗಳ ಮುಖಕ್ಕೆ ಹೊಡೆಯುತ್ತದೆ. ವರ್ಷಕ್ಕೆ ಒಬ್ಬಿಬ್ಬರು ಪರದೇಶದವರು ತಮ್ಮ ವಂಶಾವಳಿ ಹುಡುಕಿಕೊಂಡು, ಕೈಯಲ್ಲಿ ಹಾಳೆಗಳನ್ನು ಹಿಡಿದು ದಂಡಿನ ಸ್ಮಶಾನಕ್ಕೆ ಬರುವುದುಂಟು. ಆ ಸ್ಮಶಾನದ ನಡುವೆ ಎದೆಯೆತ್ತರದ ಗೋಡೆಯಿದೆ. ಒಂದು ಕಡೆ ಕ್ಯಾಥೊಲಿಕರು, ಇನ್ನೊಂದು ಕಡೆ ಪ್ರಾಟೆಸ್ಟೆಂಟರು. ಕಾವಲುಗಾರ ಮೊದಲು ಕೇಳುವುದು ಹೆಸರನ್ನಲ್ಲ, "ಯಾವ ಕಡೆಯವರು?" ಎಂದು. ಬಂದವರು ಗೊತ್ತಿಲ್ಲವೆಂದು ತಲೆಯಾಡಿಸಿದರೆ ಅವನು ಗದ್ದವೆತ್ತಿ ದೂರದ ದಿಬ್ಬವನ್ನು ತೋರಿಸುತ್ತಾನೆ.

ಹಿಂದೆ ಒಮ್ಮೆ, ಈಶ್ವರ ಸಂವತ್ಸರದ, ಅಂದರೆ 1877ರ, ಬರ ಸೀಮೆಯನ್ನೆಲ್ಲ ಹುರಿದು ಹಾಕುತ್ತಿದ್ದಾಗ, ಈ ದಂಡಿನಲ್ಲಿ ಹಾನೊರಾ ಎಂಬ ಐರಿಷ್ ಹೆಂಗಸು ತನ್ನ ಗಂಡ ಡೆನಿಸ್ ಟೂಮಿಯೊಂದಿಗೆ ಇದ್ದಳು ಎನ್ನುತ್ತಾರೆ. ಟೂಮಿ ಹತ್ತು ವರ್ಷ ಸಿಪಾಯಿಯಾಗಿದ್ದು, ಬಿಡುಗಡೆಯಾದ ಮೇಲೆ ರಸ್ತೆ ಕೆಲಸದ ಮೇಲ್ವಿಚಾರಕನಾದವನು. ಊರವರು ಅವನನ್ನು ಟೂಮಿ ದೊರೆ ಎನ್ನುತ್ತಿದ್ದರು. ದೊರೆತನ ಹೆಸರಿಗೆ ಮಾತ್ರ, ಮೊಣಕೈ ಹರಿದ ಒಂದೇ ಕೋಟು ಅವನದು. ಅವರ ದೇಶ ಐರ್ಲೆಂಡು ಆಗ ಇಂಗ್ಲಿಷರ ಕೈಕೆಳಗಿತ್ತು. ಅಲ್ಲಿಯ ಬಡವರು ಹೆಚ್ಚಾಗಿ ರೋಮಿನ ಪೋಪನನ್ನು ಒಪ್ಪಿದ ಕ್ಯಾಥೊಲಿಕರು, ಭೂಮಿಯ ಒಡೆಯರು ಹೆಚ್ಚಾಗಿ ಪ್ರಾಟೆಸ್ಟೆಂಟರು. ದೇವರು ಒಬ್ಬನೇ, ಇಗರ್ಜಿ ಎರಡು, ನಡುವೆ ಮುನ್ನೂರು ವರ್ಷಗಳ ರಕ್ತ. ಇದನ್ನು ಕೇಳಿ ನಾವು ನಗುವಂತಿಲ್ಲ; ನಮಗೆ ಪರಿಚಯವಿಲ್ಲದ ಸಂಗತಿಯೇನೂ ಅಲ್ಲ. ಹಾನೊರಾ ಕ್ಯಾಥೊಲಿಕಳು, ಭಾನುವಾರದ ಪೂಜೆ ತಪ್ಪಿಸಿದವಳಲ್ಲ. ಅವಳನ್ನು ಬಾಗಿಲ ತನಕ ಬಿಟ್ಟು ಟೂಮಿ ಹೊರಗಿನ ಮೋರಿಕಟ್ಟೆಯ ಮೇಲೆ ಕುಳಿತು ಚುಟ್ಟ ಸೇದುತ್ತಿದ್ದ. ಎದುರಿನ ಪ್ರಾಟೆಸ್ಟೆಂಟ್ ಇಗರ್ಜಿಗೂ ಅವನು ಕಾಲಿಟ್ಟವನಲ್ಲ. ಅವರ ಮದುವೆಯೂ ಮದರಾಸಿನಲ್ಲಿ ಸರ್ಕಾರಿ ಕಚೇರಿಯ ಮೇಜಿನ ಮುಂದೆ ಆಗಿತ್ತು. ಯಾಕೆ ಹೀಗೆ ಎಂದು ಕೇಳಿದಾಗಲೆಲ್ಲ ಅವನು ಮಾತು ಹಾರಿಸುತ್ತಿದ್ದ. ಅಪ್ಪ ಅಮ್ಮನ ಸುದ್ದಿ ಎತ್ತಿದರಂತೂ ಎದ್ದು ಹೊರಗೇ ಹೋಗುತ್ತಿದ್ದ.

ಕೆರೆ ಏರಿಯ ಮೇಲೆ ಗಂಜಿಕೇಂದ್ರ ತೆರೆದಾಗ ಸರ್ಕಾರ ಅವನನ್ನೇ ಅಲ್ಲಿಗೆ ನೇಮಿಸಿತು. ಮೊದಲ ದಿನವೇ ಅವನು ಗುಮಾಸ್ತ ವೆಂಕೋಬರಾಯನ ಕೈಯಿಂದ ಹೆಸರಿನ ಪಟ್ಟಿಯನ್ನು ಕಸಿದುಕೊಂಡನಂತೆ. "ಎಷ್ಟು ಮಂದಿ ಅಂತ ಬರೆ, ಸಾಕು. ಯಾರು ಅಂತ ಬರೆದರೆ ಆ ಕಾಗದ ಅವರನ್ನು ಸಾಯೋತನಕ ಬಿಡೋದಿಲ್ಲ" ಎಂದನಂತೆ. ಗುಮಾಸ್ತನಿಗೆ ಅರ್ಥವಾಗಲಿಲ್ಲ, ಹಾನೊರಾಗೂ ಆಗಲಿಲ್ಲ. ಗಂಜಿ ಹಂಚುತ್ತಿದ್ದ ಗಂಡ ತಾನು ಮಾತ್ರ ಎಂದೂ ಅದನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ, ಮನೆಯಲ್ಲಿ ತಿಳಿ ಸಾರು ಮಾಡಿದರೂ ತಟ್ಟೆ ಸರಿಸುತ್ತಾನೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಆದರೆ ಟೂಮಿ ಎಣಿಸಿದಂತೆ ಆಗಲಿಲ್ಲ. ನಮ್ಮ ಹಿರಿಯರು ಕಾಗದ ಪತ್ರವನ್ನು ನಂಬಿ ಕೂತವರೇ? ಒಂದೊಂದು ಕುಲದ ಯಜಮಾನರೂ ಏರಿಯ ಎದುರಿನ ಹುಣಸೆಮರದ ನೆರಳಿಗೆ ಬಂದು ಕುಳಿತು, ಯಾರ ಮನೆಯ ಹೆಂಗಸು ಯಾರ ಕೈಯಿಂದ ಗಂಜಿ ಹೊಯ್ಯಿಸಿಕೊಂಡಳು, ಯಾರ ಪಕ್ಕದಲ್ಲಿ ಕುಳಿತು ಕುಡಿದಳು ಎಂದು ಕಣ್ಣಾರೆ ನೋಡಿ ಮನಸ್ಸಿನಲ್ಲೇ ಬರೆದುಕೊಂಡರು. ಅವರ ಮನೆಗಳ ನೆಲದೊಳಗಿನ ಹಗೇವಿನಲ್ಲಿ ಇನ್ನೂ ಜೋಳವಿತ್ತು ಎನ್ನುತ್ತಾರೆ. ನೇಕಾರರ ಕೇರಿಯ ಬನವ್ವ ಎಂಬವಳು ಮಗ್ಗ ನಿಂತು, ಗಂಡ ದೇಶಾಂತರ ಹೋಗಿ, ಎರಡು ತಿಂಗಳು ತಡೆದು ಕೊನೆಗೆ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಸಾಲಿನಲ್ಲಿ ನಿಂತಳು. ಮಗು ಅಷ್ಟರಲ್ಲಿ ಉಳಿಯುವ ಹಂತ ದಾಟಿತ್ತು. ಅದು ಸತ್ತಾಗ ಕುಲದವರು, ಕಂಡಕಂಡವರ ಕೈಯ ಗಂಜಿ ಕುಡಿದ ಹೆಣಕ್ಕೆ ನಮ್ಮ ರುದ್ರಭೂಮಿಯಲ್ಲಿ ಜಾಗವಿಲ್ಲ ಎಂದುಬಿಟ್ಟರು. ಬನವ್ವ ಮಗಳನ್ನು ಹೊತ್ತುಕೊಂಡು ಹೋಗಿ ಯಾರಿಗೂ ಸೇರದ ಈ ದಿಬ್ಬದಲ್ಲಿ ಹೂತಳು.

ಅದಾಗಿ ಒಂದು ವಾರಕ್ಕೆ ವಾಂತಿಭೇದಿ ತಗುಲಿ ಟೂಮಿ ಎರಡೇ ದಿನದಲ್ಲಿ ಹೋಗಿಬಿಟ್ಟ. ಜ್ವರದ ನಡುವೆ ಅವನು ಕಿಲ್‌ಬ್ರೀನ್ ಎಂದು ಒಂದು ಊರಿನ ಹೆಸರನ್ನು ಮತ್ತೆ ಮತ್ತೆ ಹೇಳಿದ. ಗಂಡನ ಊರು ಯಾವುದೆಂದು ಹಾನೊರಾಗೆ ತಿಳಿದದ್ದೇ ಆಗ. ಅವಳು ಕ್ಯಾಥೊಲಿಕ್ ಗುರುವಿನ ಬಳಿ ಓಡಿದಳು. ಸೈನ್ಯದ ದಫ್ತರದಲ್ಲಿ ಇವನು ಪ್ರಾಟೆಸ್ಟೆಂಟ್ ಎಂದು ಬರೆದಿದೆಯಲ್ಲ, ಕೂಸಿದ್ದಾಗ ಕ್ಯಾಥೊಲಿಕನಾಗಿ ಜ್ಞಾನಸ್ನಾನವಾದ ಪತ್ರ ತಂದರೆ ನೋಡೋಣ ಎಂದರು ಅವರು. ಪ್ರಾಟೆಸ್ಟೆಂಟ್ ಪಾದ್ರಿಯ ಬಳಿಗೆ ಓಡಿದಳು. ಹೆಂಡತಿ ರೋಮಿನವಳು, ಸತ್ತವನು ಒಂದು ದಿನವೂ ನಮ್ಮ ಹೊಸ್ತಿಲು ತುಳಿಯಲಿಲ್ಲ, ಸಾಕ್ಷಿ ಬೇಕು ಎಂದರು ಅವರು. ಇಬ್ಬರೂ ಬಹಳ ಮೃದುವಾಗಿಯೇ ಮಾತಾಡಿದರಂತೆ. ಬೇಡವೆನ್ನುವವರಿಗೆ ಮೃದುವಾಗಿ ಮಾತಾಡಲು ಏನು ಖರ್ಚು? ಹಾನೊರಾಗೆ ಇದ್ದ ಆಸೆ ಒಂದೇ: ಗಂಡ ಮಂತ್ರಿಸಿದ ಮಣ್ಣಿನಲ್ಲಿ ಮಲಗಬೇಕು, ನಾಳೆ ತಾನು ಸತ್ತರೆ ಅವನ ಪಕ್ಕಕ್ಕೇ ಹೋಗಬೇಕು. ಅದಿಲ್ಲದೆ ಹೋದರೆ ಪರಲೋಕದಲ್ಲಿಯೂ ತಾವು ಬೇರೆಬೇರೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಬಿಸಿಲಿಗೆ ಹೆಣ ಕಾಯುವಂತಿರಲಿಲ್ಲ. ಅಂಗಳದಲ್ಲಿ ನಿಂತಿದ್ದ ಬನವ್ವನೇ ಮುಂದೆ ಬಂದು, "ನನ್ನ ಕೂಸಿನ ಬಾಜೂಕ ಮಲಗಸ್ರಿ ತಾಯಿ. ಕಾಗದ ಬಂದ ಮ್ಯಾಲ ಬೇಕಾದ್ರ ಎಬ್ಬಿಸಿಕೊಂಡು ಹೋಗ್ರಿ. ನಾ ನೋಡಿಕೊಂತೀನಿ" ಎಂದಳು. ಸೋಂಕಿನ ಹೆಣ ಮುಟ್ಟಲು ದಂಡಿನಿಂದ ಒಬ್ಬನೂ ಬರಲಿಲ್ಲ. ಅವನ ಕೈಯಿಂದ ಗಂಜಿ ಕುಡಿದವರು ಆರು ಮಂದಿ, ಆರು ಕುಲದವರು, ಹೆಗಲು ಕೊಟ್ಟರು.

ಹಾನೊರಾ ಎರಡು ಕಾಗದ ಬರೆದಳು, ಕಿಲ್‌ಬ್ರೀನಿನ ಕ್ಯಾಥೊಲಿಕ್ ಗುರುವಿಗೆ ಒಂದು, ಅಲ್ಲಿಯದೇ ಪ್ರಾಟೆಸ್ಟೆಂಟ್ ಪಾದ್ರಿಗೆ ಇನ್ನೊಂದು. ನನ್ನ ಗಂಡ ಯಾರ ಮಗ, ಯಾವ ಇಗರ್ಜಿಯ ಪುಸ್ತಕದಲ್ಲಿ ಅವನ ಹೆಸರಿದೆ, ದಯವಿಟ್ಟು ಒಂದು ಸಾಲು ಬರೆದು ಕೊಡಿ ಎಂದು ಬೇಡಿಕೊಂಡಿದ್ದಳು. ನಾಲ್ಕು ತಿಂಗಳು ಟಪಾಲು ಬರುವ ದಿನವೆಲ್ಲ ಸ್ಟೇಷನ್ನಿಗೆ ನಡೆದು ಹೋಗಿ ಬರಿಗೈಯಲ್ಲಿ ಬಂದಳು. ಬರುವ ದಾರಿಯಲ್ಲಿ ದಿಬ್ಬ ಹತ್ತಿ, ಇವತ್ತೂ ಇಲ್ಲ ಡೆನಿಸ್, ಎಂದು ಹೇಳಿ ಮನೆಗೆ ಹೋಗುತ್ತಿದ್ದಳಂತೆ. ಆ ತಿಂಗಳುಗಳಲ್ಲಿ ಟೂಮಿಯ ಸುತ್ತ ಮಣ್ಣಿನ ಗುಪ್ಪೆಗಳು ಹೆಚ್ಚುತ್ತಲೇ ಹೋದವು. ಗಂಜಿ ಕುಡಿದ ಮನೆಗಳ ಹೆಣಗಳನ್ನು ಯಾವ ಕುಲವೂ ಸೇರಿಸಲಿಲ್ಲ. ಸುಡುವ ಪದ್ಧತಿಯವರೂ ಸೌದೆಗೆ ಗತಿಯಿಲ್ಲದೆ ಇಲ್ಲಿಯೇ ಹೂತರು. ಊರಲ್ಲಿ ಅವರನ್ನು ಗಂಜಿಯವರು ಎಂದು ಕರೆಯುವುದು ರೂಢಿಯಾಯಿತು. ಆ ಮಾತನ್ನು ಉಗುಳುವ ಹಾಗೆ ಆಡುತ್ತಿದ್ದರು. ದಿಬ್ಬಕ್ಕೆ ಹೆಸರು ಬಂದದ್ದು ಹೀಗೆ, ಬೈಗುಳದಿಂದ.

ಕಾರ್ತಿಕದಲ್ಲಿ ಎರಡೂ ಉತ್ತರಗಳು ಒಂದೇ ಟಪಾಲಿನಲ್ಲಿ ಬಂದವು. ಮನೆಗೆ ಹೋಗುವಷ್ಟು ತಾಳ್ಮೆಯಿಲ್ಲದೆ ಹಾನೊರಾ ದಿಬ್ಬದ ಮೇಲೆಯೇ ಕುಳಿತು ಒಡೆದಳು. ಕ್ಯಾಥೊಲಿಕ್ ಗುರು ಬರೆದಿದ್ದರು: ಡೆನಿಸ್ ಟೂಮಿಗೆ ಜ್ಞಾನಸ್ನಾನ ಆದದ್ದು ಇಲ್ಲಿಯೇ. ಆದರೆ ಮೂವತ್ತು ವರ್ಷದ ಹಿಂದೆ ನಮ್ಮ ದೇಶದ ಮಹಾಕ್ಷಾಮದಲ್ಲಿ ಅವನ ತಾಯಿ ಮಕ್ಕಳನ್ನು ಕರೆದುಕೊಂಡು ಪ್ರಾಟೆಸ್ಟೆಂಟರು ತೆರೆದ ಮನೆಗೆ ಹೋಗಿ, ಅವರ ಪ್ರಾರ್ಥನೆ ಹೇಳಿ, ಅವರ ಗಂಜಿ ಕುಡಿದಳು. ಅಂದಿನ ಗುರುಗಳು ಪೂಜೆಯ ನಡುವೆ ಅವರ ಹೆಸರುಗಳನ್ನು ಓದಿ ಪುಸ್ತಕದಲ್ಲಿ ಗೀಟು ಎಳೆದಿದ್ದಾರೆ. ಮರುವರ್ಷ ಆಕೆ ಮಂಡಿಯೂರಿ ಮರಳಿ ಬಂದರೂ ಜನ ಒಪ್ಪಲಿಲ್ಲ, ಅವಳು ರಸ್ತೆಬದಿಯ ಹೊಲದ ಮೂಲೆಯಲ್ಲಿ ಮಣ್ಣಾದಳು. ಪ್ರಾಟೆಸ್ಟೆಂಟ್ ಪಾದ್ರಿ ಬರೆದದ್ದು ಇನ್ನೂ ಚಿಕ್ಕದು: ಹುಡುಗ ಎರಡು ಚಳಿಗಾಲ ನಮ್ಮ ಶಾಲೆಯಲ್ಲಿದ್ದದ್ದು ನಿಜ, ಸೈನ್ಯಕ್ಕೆ ಸೇರುವಾಗ ತೋರಿಸಿದ್ದು ಆ ಶಾಲೆಯ ಪತ್ರವನ್ನೇ ಇರಬೇಕು. ತಾಯಿ ಹಿಂದಿರುಗಿದ ದಿನವೇ ಅವನ ಹೆಸರನ್ನು ತೆಗೆದುಹಾಕಲಾಗಿದೆ. ಗುರುವಿನ ಪತ್ರದ ಕೆಳಗೆ ಬೇರೆ ಶಾಯಿಯಲ್ಲಿ ಮತ್ತೊಂದು ಸಾಲಿತ್ತು. ಡೆನಿಸನ ಸ್ವಂತ ಅಕ್ಕ ಇನ್ನೂ ಆ ಊರಿನಲ್ಲಿ ಬದುಕಿದ್ದಳು. ಅವಳು ಹೇಳಿ ಬರೆಸಿದ್ದು: 'ನನಗೆ ತಮ್ಮ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಆ ಗಂಜಿ ಕುಡಿದವರಲ್ಲ. ಇನ್ನು ಮುಂದೆ ಈ ಊರಿಗೆ ಕಾಗದ ಬರೆಯಬೇಡ.'

ಹಾನೊರಾ ಅಳಲಿಲ್ಲವಂತೆ. ಎರಡೂ ಕಾಗದಗಳನ್ನು ಮೊದಲಿನಿಂದ ಮತ್ತೊಮ್ಮೆ ಓದಿದಳು. ಮೋರಿಕಟ್ಟೆಯ ಚುಟ್ಟ, ಕಸಿದುಕೊಂಡ ಪಟ್ಟಿ, ಸರಿಸಿದ ತಟ್ಟೆ, ಎಲ್ಲ ಆಗ ಅವಳಿಗೆ ಒಟ್ಟಿಗೆ ತಿಳಿದವು. ಹನ್ನೆರಡು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡ, ಹೆಂಡತಿಯೂ ತನ್ನನ್ನು ದೂರ ಸರಿಸಿಬಿಡುತ್ತಾಳೆಂದು ಹೆದರಿ ಬಾಯಿ ಬಿಡದೆಯೇ ಹೋಗಿದ್ದ. ಮಗಳ ಗೋರಿಗೆ ಕಲ್ಲು ಜೋಡಿಸುತ್ತಿದ್ದ ಬನವ್ವ ಹತ್ತಿರ ಬಂದಳು.

"ಏನಂತ ಬರ್ದಾರ ತಾಯಿ?"

ಹಾನೊರಾ ತನಗೆ ಬರುವ ಕನ್ನಡದಲ್ಲಿ ಹೇಳಿದಳು. "ಇವನ ತಾಯಿ ಬರದಲ್ಲಿ ಗಂಜಿ ಕುಡಿದಳು. ಬೇರೆಯವರ ಗಂಜಿ. ಅದಕ್ಕೆ ಇವನು ಯಾರವನೂ ಅಲ್ಲ."

ಬನವ್ವ ಕಣ್ಣು ಕಣ್ಣು ಬಿಟ್ಟಳು. "ನಿಮ್ಮ ದೇಶದಾಗೂ ಬರ ಬಿದ್ದಿತ್ತಾ? ಬಿಳೇ ಮಂದಿನೂ ಹಸದು ಸತ್ತಿದ್ರಾ?"

"ಸತ್ತರು. ಬಹಳ ಮಂದಿ."

"ಕುಡದು ಉಳದೋರನ್ನ ಹೊರಗ ಹಾಕಿದ್ರಾ?"

"ಹಾಕಿದರು."

ಬನವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅಷ್ಟು ದೂರ ಹಡಗ ಹತ್ತಿ ಬಂದ್ರೂ ಅದೇ ಮಂದಿ ಐತಲ್ಲ ತಾಯಿ," ಎಂದು ಹೇಳಿ, ಹಿಡಿದಿದ್ದ ಕಲ್ಲನ್ನು ಟೂಮಿಯ ಗುಪ್ಪೆಯ ಮೇಲೆ ಇಟ್ಟಳು.

ಕ್ಯಾಥೊಲಿಕ್ ಗುರು ಕಾಗದ ಓದಿ ನಿಟ್ಟುಸಿರು ಬಿಟ್ಟರು. ನಿನಗೆ ನಮ್ಮಲ್ಲಿ ಜಾಗವಿದೆ ಮಗಳೇ, ಅವನನ್ನು ದೇವರಿಗೆ ಬಿಡು ಎಂದರು. ಹಾನೊರಾ ಜಪಮಾಲೆಯನ್ನು ಅವರ ಮೇಜಿನ ಮೇಲೆ ಇಟ್ಟು ಹೊರಗೆ ಬಂದಳು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದ ಒಬ್ಬ ಕಲ್ಲುಕುಟಿಗನನ್ನು ಕರೆತಂದು, ಹಾಸುಗಲ್ಲಿನ ಮೇಲೆ ಇದ್ದಿಲಿನಲ್ಲಿ ತಾನೇ ಇಂಗ್ಲಿಷಿನಲ್ಲಿ ಬರೆದು ಕೆತ್ತಿಸಿದಳು. ಶಿಲುಬೆಯಿಲ್ಲ, ದೇವರ ಮಾತಿಲ್ಲ. ಡೆನಿಸ್ ಟೂಮಿ ಎಂಬ ಹೆಸರು, ಅದರ ಕೆಳಗೆ 'ಹಸಿದಿದ್ದ, ಉಂಡ' ಎಂಬ ಎರಡು ಮಾತು, ಅಷ್ಟೇ. ಬನವ್ವ ತನ್ನ ಮಗಳಿಗೂ ಅದೇ ಬೇಕೆಂದು ಹಟ ಹಿಡಿದಳು. ವೆಂಕೋಬರಾಯ ಕನ್ನಡದಲ್ಲಿ ಬರೆದುಕೊಟ್ಟ. ಯಾರ ಹೆಸರನ್ನೂ ಬರೆಯಬೇಡ ಎಂದು ದೊರೆಯಿಂದ ಬೈಸಿಕೊಂಡವನು ಅಲ್ಲಿ ಮಂಡಿಯೂರಿ ಒಂದೊಂದೇ ಹೆಸರನ್ನು ಬರೆದ. ಗಂಜಿಯವರ ಮನೆಗಳವರೆಲ್ಲ ಒಬ್ಬೊಬ್ಬರಾಗಿ ಬಂದು ತಮ್ಮವರ ಹೆಸರು ಹೇಳಿದರು. ಆ ಒಂದು ವರ್ಷ ಮಾತ್ರ ಅವರಿಗೆ ನಾಚಿಕೆಯಿರಲಿಲ್ಲ ಎನ್ನುತ್ತಾರೆ.

ಹಾನೊರಾ ಮುಂದೆ ಒಂಬತ್ತು ವರ್ಷ ಇದ್ದು, ದಂಡಿನ ಆಸ್ಪತ್ರೆಯಲ್ಲಿ ದಾದಿಯ ಕೆಲಸ ಮಾಡಿ ತೀರಿಕೊಂಡಳು. ನನ್ನನ್ನು ದಿಬ್ಬಕ್ಕೆ ಒಯ್ಯಿರಿ ಎಂದು ಎಲ್ಲರಿಗೂ ಹೇಳಿದ್ದಳು, ಬರೆದೂ ಇಟ್ಟಿದ್ದಳು. ಸತ್ತವರ ಮಾತು ಯಾರು ಕೇಳುತ್ತಾರೆ? ಕ್ಯಾಥೊಲಿಕರು ಅವಳನ್ನು ಬಹಳ ಮರ್ಯಾದೆಯಿಂದ, ಹಾಡು ಹೇಳಿಕೊಂಡು, ಗೋಡೆಯ ತಮ್ಮ ಕಡೆಗೆ ಹೂತರು.

ಈಗ ದಿಬ್ಬ ಹತ್ತಿದವರಿಗೆ ಜಾಲಿಮುಳ್ಳಿನ ನಡುವೆ ನಲವತ್ತಕ್ಕೂ ಹೆಚ್ಚು ಹಾಸುಗಲ್ಲುಗಳು ಕಾಣುತ್ತವೆ. ಒಂದೊಂದರ ಮೇಲೂ 'ಹಸಿದಿದ್ದಳು, ಉಂಡಳು' ಎಂದೋ 'ಹಸಿದಿದ್ದ, ಉಂಡ' ಎಂದೋ ಇದೆ. ಅದರ ಮೇಲ್ಗಡೆ ಹೆಸರಿರಬೇಕಾದ ಕಡೆ ಅಂಗೈಯಗಲದ ಒಂದು ತಗ್ಗು. ಮಳೆಗಾಳಿಗೆ ಸವೆದಿರಬೇಕೆಂದು ಬಂದವರು ತಿಳಿಯುತ್ತಾರೆ. ಮಳೆ ಹೆಸರನ್ನು ಮಾತ್ರ ಆರಿಸಿ ಸವೆಸುವುದಿಲ್ಲ. ಬರ ಕಳೆದು, ಯಜಮಾನರಿಗೆ ದಂಡ ತೆತ್ತು, ಗಂಜಿಯವರ ಮಕ್ಕಳು ಮತ್ತೆ ಕುಲದೊಳಗೆ ಸೇರಿದರು. ಮನೆಗೆ ಹೆಣ್ಣು ನೋಡಲು ಬಂದವರು ದಿಬ್ಬದ ಕಲ್ಲು ಓದಿಬಿಟ್ಟರೆ ಗತಿಯೇನು ಎಂದು ಹೆದರಿ, ಒಬ್ಬರಿಗೆ ತಿಳಿಯದಂತೆ ಒಬ್ಬರು ಉಳಿ ಸುತ್ತಿಗೆ ತಂದು ತಮ್ಮತಮ್ಮವರ ಹೆಸರನ್ನು ಕೆತ್ತಿ ತೆಗೆದರು. ಬನವ್ವನ ಮಗಳ ಕಲ್ಲು ಯಾವುದೆಂದು ಇಂದು ತೋರಿಸುವವರಿಲ್ಲ. ಊರಲ್ಲಿ ಯಾರನ್ನು ಬೇಕಾದರೂ ಕೇಳಿ, ಆ ದಿಬ್ಬದಲ್ಲಿ ನಮ್ಮವರು ಯಾರೂ ಇಲ್ಲ ಎನ್ನುತ್ತಾರೆ. ಒಂದೇ ಒಂದು ಕಲ್ಲಿನ ಮೇಲೆ ಮಾತ್ರ ಹೆಸರು ಇನ್ನೂ ನೆಟ್ಟಗೆ ಉಳಿದಿದೆ, ಡೆನಿಸ್ ಟೂಮಿ ಎಂದು. ಅದನ್ನು ಬಂದು ಅಳಿಸಲು ಅವನಿಗೆ ಈ ಸೀಮೆಯಲ್ಲಿ ನೆಂಟರು ಯಾರೂ ಇರಲಿಲ್ಲ.