ಬೆಲ್ಲದ ವ್ಯಾಪಾರಿ ಮನೆಗೆ ತಂದ ತಕ್ಕಡಿ

"ಬುದ್ಧಿ, ಒಂದು ವಿಷಯದಲ್ಲಿ ನನಗೆ ಗೊಂದಲವಾಗಿದೆ. ನಾಲ್ಕು ಜನ ಹಿರಿಯರನ್ನು ಕೇಳಿದೆ. ನಾಲ್ವರೂ ಒಂದೇ ಮಾತು ಹೇಳಿದರು. ಆದರೂ ಗೊಂದಲ ಕಳೆದಿಲ್ಲ. ಇನ್ನು ಯಾರನ್ನು ಕೇಳಲಿ?" ಎಂದು ಶಿಷ್ಯ ನಿಜಗುಣ ಕೇಳಿದ.

ಗುರುಗಳು ವಿಷಯ ಏನೆಂದು ವಿಚಾರಿಸಲಿಲ್ಲ. ಈ ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಹೆಂಡತಿ ಚೆನ್ನಾಜಮ್ಮನಿಗೆ ಕ್ಷಯ ಬಂದು ವಾಸಿಯಾಗಿತ್ತು. ಔಷಧಿ ಮುಗಿದ ದಿನ ಡಾಕ್ಟರು, "ವಾರಕ್ಕೊಮ್ಮೆ ಇವರ ತೂಕ ನೋಡಿ. ಇಳಿಯುತ್ತಾ ಹೋದರೆ ಕಾಯಬೇಡಿ, ಕರೆದುಕೊಂಡು ಬನ್ನಿ" ಎಂದರು.

ಮನೆಯಲ್ಲಿ ಬ್ಯಾಟರಿಯ ತೂಕದ ಯಂತ್ರವಿತ್ತು. ಹತ್ತಿ ಇಳಿದಾಗಲೆಲ್ಲ ಅದು ಬೇರೆ ಬೇರೆ ಅಂಕಿ ತೋರಿಸುತ್ತಿತ್ತು. ವ್ಯಾಪಾರಿಗೆ ಅದು ಸೇರಲಿಲ್ಲ. ಪಟ್ಟಣಕ್ಕೆ ಹೋಗಿ ಆಸ್ಪತ್ರೆಯಲ್ಲಿರುವಂಥ ತಕ್ಕಡಿಯನ್ನೇ ತಂದ. ನಿಲ್ಲಲು ಹಲಗೆ, ಎದೆಯ ಎತ್ತರಕ್ಕೆ ಅಡ್ಡಪಟ್ಟಿ, ಪಟ್ಟಿಯ ಮೇಲೆ ಜಾರಿಸುವ ಎರಡು ಗುಂಡು. ಅದನ್ನು ನಡುಮನೆಯಲ್ಲಿ ನಿಲ್ಲಿಸಿದ.

ಮೊದಲ ವಾರ ಚೆನ್ನಾಜಮ್ಮ ನಲವತ್ತಾರು ಕಿಲೋ ಇದ್ದಳು. ಎರಡನೆಯ ವಾರ ನಲವತ್ತೈದು. ನೆಲ ಸಮವಿಲ್ಲ ಎಂದುಕೊಂಡು ವ್ಯಾಪಾರಿ ತಕ್ಕಡಿಯ ಕೆಳಗೆ ಕಲ್ಲುಚಪ್ಪಡಿ ಹಾಕಿಸಿದ. ಮೂರನೆಯ ವಾರ ಇನ್ನೂ ಅರ್ಧ ಕಿಲೋ ಇಳಿಯಿತು. ಪಟ್ಟಿಯ ತುದಿಯಲ್ಲಿ ಒಂದು ಸ್ಕ್ರೂ ಇತ್ತು. ಅದನ್ನು ತಿರುಗಿಸಿದ. ನಲವತ್ತಾರು ಬಂತು. ಆ ದಿನ ಅವನು ಹೊಟ್ಟೆ ತುಂಬ ಉಂಡ.

ಮರುವಾರ ಮತ್ತೆ ಒಂದು ಕಿಲೋ ಕಡಿಮೆಯಾಯಿತು.

ವ್ಯಾಪಾರಿಗೆ ದಿಕ್ಕು ತೋಚದಂತಾಯಿತು. ಹೆಂಡತಿಯನ್ನು ಊಟಕ್ಕೆ ಮೊದಲು ನಿಲ್ಲಿಸಿದ, ಊಟವಾದ ಮೇಲೆ ನಿಲ್ಲಿಸಿದ, ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸಿದ. ಮಂಡಿಯಿಂದ ಸರ್ಕಾರದ ಮುದ್ರೆಯಿದ್ದ ಇಪ್ಪತ್ತು ಕಿಲೋ ತೂಕದ ಕಲ್ಲು ತರಿಸಿ ಹಲಗೆಯ ಮೇಲೆ ಇಟ್ಟ. ಇಪ್ಪತ್ತೊಂದೂವರೆ ತೋರಿಸಿತು. ಸ್ಕ್ರೂವನ್ನು ಮೊದಲಿದ್ದಲ್ಲಿಗೇ ತಿರುಗಿಸಬೇಕಾಯಿತು. ಕಲ್ಲು ಸರಿಯಾಗಿ ಇಪ್ಪತ್ತಕ್ಕೆ ನಿಂತಿತು. ತಾನು ಹತ್ತಿ ನೋಡಿದ. ತಿಂಗಳ ಹಿಂದೆ ಎಷ್ಟಿತ್ತೋ ಅಷ್ಟೇ ಇತ್ತು. ಪಕ್ಕದ ಮನೆಯವರನ್ನೂ ಕರೆದು ಹತ್ತಿಸಿದ. ಅವರದೂ ಸರಿ ಇತ್ತು. ಎಲ್ಲರ ತೂಕ ಸರಿಯಾಗಿ ಹೇಳುವ ತಕ್ಕಡಿ ಇವಳ ತೂಕವನ್ನು ಮಾತ್ರ ಯಾಕೆ ತಪ್ಪು ಹೇಳುತ್ತದೆ ಎಂಬುದು ಅವನಿಗೆ ಅರ್ಥವಾಗಲಿಲ್ಲ.

ಒಂದು ಬೆಳಿಗ್ಗೆ ಚೆನ್ನಾಜಮ್ಮ, "ರೀ, ಬಳೆ ಕೈಯಲ್ಲಿ ನಿಲ್ಲುತ್ತಿಲ್ಲ. ಸಂಜೆಯಾದರೆ ಮೈ ಬಿಸಿಯಾಗುತ್ತದೆ. ಒಮ್ಮೆ ಡಾಕ್ಟರ ಹತ್ತಿರ ಹೋಗಿ ಬರೋಣ" ಎಂದಳು.

"ಹೋಗೋಣ. ಮೊದಲು ಈ ತಕ್ಕಡಿ ಸರಿಯಾಗಲಿ. ತಪ್ಪು ಲೆಕ್ಕ ಹಿಡಿದುಕೊಂಡು ಹೋಗಿ ಅವರಿಗೆ ಏನೆಂದು ಹೇಳುವುದು?" ಎಂದ ವ್ಯಾಪಾರಿ.

ಅವನು ಪಟ್ಟಣದಿಂದ ರಿಪೇರಿಯವನನ್ನು ಕರೆಸಲು ಹೇಳಿಕಳಿಸಿದ. ಬರುವುದಕ್ಕೆ ಎರಡು ವಾರ ಹಿಡಿಯಿತು. ರಿಪೇರಿಯವನು ತಕ್ಕಡಿಯನ್ನು ಪೂರ್ತಿ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ. ಎದ್ದು ನಿಂತು ಬಾಗಿಲಲ್ಲಿದ್ದ ಚೆನ್ನಾಜಮ್ಮನನ್ನು ನೋಡಿದ.

"ಯಜಮಾನರೇ, ಇದರಲ್ಲಿ ನಾನು ಮಾಡುವಂಥ ಕೆಲಸ ಏನೂ ಇಲ್ಲ. ಅಮ್ಮನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಎಂದ. ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ.

ಅವತ್ತೇ ವ್ಯಾಪಾರಿ ಅವಳನ್ನು ಕರೆದುಕೊಂಡು ಹೋದ. ಕಾಯಿಲೆ ಮರುಕಳಿಸಿತ್ತು, ಇನ್ನೊಂದು ಕಡೆಯ ಶ್ವಾಸಕೋಶಕ್ಕೂ ಹರಡಿತ್ತು. ಏಳು ತಿಂಗಳು ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಚೆನ್ನಾಜಮ್ಮ ಬದುಕಿದಳು. ಆದರೆ ಆಮೇಲೆ ಅವಳಿಗೆ ಬಾವಿಯಿಂದ ಒಂದು ಕೊಡ ನೀರು ಸೇದಲೂ ಆಗಲಿಲ್ಲ. ಸೇದಿ ತರುವ ಕೆಲಸ ವ್ಯಾಪಾರಿಯದಾಯಿತು. ಅವಳು ಅವನನ್ನು ದೂರಿ ಒಂದು ಮಾತೂ ಆಡಲಿಲ್ಲ. ಅವನಿಗೆ ಅದೇ ಕಷ್ಟವಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು.

ನಿಜಗುಣ, "ಪಾಪ, ಅವನಿಗೆ ತಿಳಿಯಲಿಲ್ಲವಲ್ಲ ಬುದ್ಧಿ. ತಕ್ಕಡಿ ಸರಿಯಿದೆ ಎಂದು ಅವನಿಗೆ ಗೊತ್ತಾದದ್ದು ಯಾವಾಗ?" ಎಂದು ಕೇಳಿದ.

"ಎರಡನೆಯ ವಾರವೇ ಗೊತ್ತಾಗಿತ್ತು, ಮಗು. ಹೆದರಿಕೆಗೆ ಅವನು ಗೊಂದಲ ಎಂದು ಹೆಸರಿಟ್ಟುಕೊಂಡಿದ್ದ."

ನಿಜಗುಣ ನಮಸ್ಕರಿಸಿ, ಆ ನಾಲ್ವರು ಹಿರಿಯರು ಹೇಳಿದ್ದನ್ನು ಮಾಡಲು ಎದ್ದ.