ಕ್ಯಾರೋಬ್ ಕೇಕಿಗೆ ಬೆರೆಸಿದ ಡಿಕಾಕ್ಷನ್

ಮುಕ್ತಾ ಎಂಬ ಶಿಷ್ಯೆ ಕೇಳಿದಳು: "ಗುರುಗಳೇ, ಅಕ್ಕ ತೀರಿಕೊಂಡು ವರ್ಷವಾಯಿತು. ಭಾವನನ್ನು ಮದುವೆಯಾಗಿ ಅವಳ ಮಗಳಿಗೆ ತಾಯಿಯಾಗು ಎಂದು ಮನೆಯವರು ಹೇಳುತ್ತಿದ್ದಾರೆ. ನಾನೂ ಒಪ್ಪಿದ್ದೇನೆ. ಅಕ್ಕನಿಲ್ಲ ಎಂಬುದೇ ಮಗುವಿಗೆ ತಿಳಿಯದ ಹಾಗೆ ನೋಡಿಕೊಂಡರೆ ಸಾಕಲ್ಲವೇ?"

ಗುರುಗಳು ಹುಬ್ಬೇರಿಸಿದರು. "ತಿಳಿಯದ ಹಾಗೋ! ಭಾರಿ ಆಸೆಯವ್ವ ನಿನ್ನದು. ಕೂತುಕೋ. ಕೇಕ್ ಮಾಡುತ್ತಿದ್ದ ಒಬ್ಬಳ ಕತೆ ಹೇಳುತ್ತೇನೆ. ನಗಬೇಡ, ಕಾವಿ ಉಟ್ಟವನಿಗೂ ಕೇಕ್ ಗೊತ್ತು."

ಒಂದು ಊರಿನಲ್ಲಿ ಒಬ್ಬ ಹೆಂಗಸು ಇದ್ದಳು. ಮಗಳಿಗಾಗಿ ಮನೆಯಲ್ಲೇ ಚಾಕೊಲೇಟ್ ಕೇಕ್ ಮಾಡುತ್ತಿದ್ದಳು. ಅವಳು ಸತ್ತಳು. ಅವಳ ಜಾಗಕ್ಕೆ ತಂಗಿಯನ್ನೇ ತಂದುಕೊಂಡರು. ಮಗುವಿಗೆ ಅವಳು ಹೊಸಬಳಲ್ಲ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಚಿಕ್ಕಿ. ಶಾಲೆಯಲ್ಲಿ ಯಾರು ಯಾರನ್ನು ಜಿಗುಟಿದರು ಎಂಬುದೂ ಚಿಕ್ಕಿಯ ಕಿವಿಗೇ ಮೊದಲು ಬೀಳುತ್ತಿತ್ತು. "ಇನ್ನು ಮೇಲೆ ಅಮ್ಮ ಅನ್ನಬೇಕು" ಎಂದು ದೊಡ್ಡವರು ಹೇಳಿಕೊಟ್ಟರು. ಮಗು ಅನ್ನಲಿಲ್ಲ. ಪ್ರತಿ ಸಲ ಚಿಕ್ಕಿ ಎಂದು ಕೂಗಿದಾಗಲೂ 'ಅಮ್ಮ ಅನ್ನು ಪುಟ್ಟಿ' ಎಂದು ಅವಳು ತಿದ್ದುತ್ತಿದ್ದಳು.

ಆ ಹೊತ್ತಿಗೆ ಮಗುವಿಗೆ ಅರೆತಲೆನೋವು ಶುರುವಾಗಿತ್ತು. ನೋವು ಬಂದರೆ ವಾಂತಿ, ಬೆಳಕು ಕಂಡರೆ ಅಳು. ಈ ಮಗುವಿಗೆ ಚಾಕೊಲೇಟ್, ಕಾಫಿ, ಚಹಾ ಯಾವುದೂ ಬೇಡ ಎಂದರು ವೈದ್ಯರು.

ಹುಟ್ಟುಹಬ್ಬ ಬಂತು. ಕೇಕ್ ಹೇಗೆ ಮಾಡುವುದು? ಯಾರೋ ಕ್ಯಾರೋಬ್ ಎಂಬ ಪುಡಿ ತಂದುಕೊಟ್ಟರು. ಅದು ದೂರದೇಶದ ಮರವೊಂದರ ಕಾಯಿಯನ್ನು ಹುರಿದು ಬೀಸಿದ್ದು. ಬಣ್ಣ ಚಾಕೊಲೇಟಿನದೇ, ಕಹಿ ಇಲ್ಲ, ಸಿಹಿ ತನ್ನದೇ. ವೈದ್ಯರೂ ಆಗಬಹುದು ಎಂದರು. ಅವಳು ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಸೀಟಿ ತೆಗೆದು, ಕೇಕ್ ಬೇಯಿಸಿದಳು.

ಮಗು ತಿಂದಿತು. "ಚೆನ್ನಾಗಿದೆ ಚಿಕ್ಕಿ. ಅಮ್ಮಂದು ಬೇರೆ ಥರ ಇರ್ತಿತ್ತು" ಎಂದು ಇನ್ನೊಂದು ತುಂಡಿಗೆ ಕೈಯೊಡ್ಡಿತು. ಮಗು ಒಡ್ಡಿದ ಕೈಯನ್ನು ಆ ಪೆದ್ದಿ ನೋಡಲೇ ಇಲ್ಲ. ಅವಳಿಗೆ ಕೇಳಿಸಿದ್ದು 'ಅಮ್ಮಂದು ಬೇರೆ' ಎನ್ನುವುದಷ್ಟೇ.

ಅಕ್ಕನ ರುಚಿ ತರಲೇಬೇಕು ಎಂದು ಹಟ ಹಿಡಿದಳು. ಮುಂದಿನ ವಾರ ಸಕ್ಕರೆ ಕಡಿಮೆ ಮಾಡಿದಳು. ಕಹಿ ಸಾಲದು ಎನ್ನಿಸಿತು. ಒಲೆಯ ಪಕ್ಕದಲ್ಲೇ ಕಾಫಿ ಫಿಲ್ಟರ್ ಇತ್ತು. ಬೆಳಗಿನ ಗಟ್ಟಿ ಡಿಕಾಕ್ಷನ್ ಅರ್ಧ ಲೋಟ ಹಿಟ್ಟಿಗೆ ಸುರಿದಳು. ಒಂದು ತುಂಡಿಗೆ ಎಷ್ಟು ಬಂದೀತು ಎಂದುಕೊಂಡಳು.

ಮಗು ಕಣ್ಣು ಮುಚ್ಚಿಕೊಂಡು ಚಪ್ಪರಿಸಿತು. ಅದರ ಬಾಯಿಂದ "ಅಮ್ಮ" ಎಂದು ಬಂತು. ಅವಳಿಗೆ ಸ್ವರ್ಗ ಮೂರೇ ಗೇಣು. ಸಂಜೆಗೆ ಮಗು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿತ್ತು.

ಬಿಸಿಲಿನಲ್ಲಿ ಆಡಿದ್ದಕ್ಕೇ ಬಂದಿರಬೇಕು ಎಂದಳು. ಸುಳ್ಳೆಂದು ಅವಳಿಗೇ ಗೊತ್ತಿತ್ತು. ಆದರೂ ಮುಂದಿನ ವಾರ ಮತ್ತೆ ಸುರಿದಳು. ಆ ಒಂದು ಮಾತು ಇನ್ನೊಮ್ಮೆ ಕೇಳಬೇಕಿತ್ತಲ್ಲ! ಮತ್ತೆ ನೋವು, ಮತ್ತೆ ವಾಂತಿ. ಮಗು ಅವಳ ಸೆರಗು ಹಿಡಿದು ಕೇಳಿತು: "ಚಿಕ್ಕಿ, ಅದರಲ್ಲಿ ಏನು ಹಾಕಿದ್ದೀಯ?"

"ಏನೂ ಇಲ್ಲ ಪುಟ್ಟಿ. ಅದೇ ಪುಡಿ."

ಮೂರನೆಯ ವಾರ ನೀರು ಕುಡಿಯಲು ಅಡುಗೆಮನೆಗೆ ಬಂದ ಮಗು, ಅವಳು ಡಿಕಾಕ್ಷನ್ ಸುರಿಯುವುದನ್ನು ನೋಡಿತು. ಅವಳ ಕೈ ಅಲ್ಲೇ ನಿಂತಿತು. ಮಗು ಅಳಲಿಲ್ಲ, ಜಗಳವಾಡಲಿಲ್ಲ, ನೀರನ್ನೂ ಕುಡಿಯದೆ ಹೊರಗೆ ಹೋಯಿತು.

ಅಂದಿನಿಂದ ಅವಳು ಏನು ಬಡಿಸಿದರೂ ಮಗು ಮೂಸಿ ನೋಡಿ ತಿನ್ನುತ್ತಿತ್ತು. ಅವಳನ್ನು ಅಮ್ಮ ಎಂದೇ ಕರೆಯತೊಡಗಿತು, ದೊಡ್ಡವರು ಹೇಳಿಕೊಟ್ಟ ಹಾಗೆ. 'ಅಮ್ಮ, ಹೋಗಿ ಬರ್ತೀನಿ. ಅಮ್ಮ, ಊಟ ಸಾಕು.' ಶಾಲೆಯ ಸುದ್ದಿ ಹೇಳಲಿಲ್ಲ. ತೊಡೆಯ ಮೇಲೆ ಬಂದು ಬೀಳಲಿಲ್ಲ. ಅವಳು ಆ ಮಾತು ದಿನಕ್ಕೆ ಹತ್ತು ಸಲ ಕೇಳಿದಳು, ಹತ್ತು ಸಲವೂ ಅತ್ತಳು.

ಗುರುಗಳ ಕತೆ ಮುಗಿಯಿತು. ಮುಕ್ತಾ ಕಣ್ಣೊರೆಸಿಕೊಂಡು, "ಅಯ್ಯೋ ಪಾಪ! ತಾಯಿ ಸತ್ತ ಮಗು ಅಲ್ಲವೇ ಗುರುಗಳೇ, ಅದಕ್ಕೆ ಆ ನೋವು ಇದ್ದೇ ಇರುತ್ತದೆ" ಎಂದಳು.

"ತಾಯಿಯನ್ನು ಸಾವು ಕಿತ್ತುಕೊಂಡಿತು, ಸರಿ, ಆ ಮಗುವಿನ ಚಿಕ್ಕಿಯನ್ನು ಕಿತ್ತುಕೊಂಡವರು ಯಾರವ್ವ?"